ಉಗ್ರಾಣದ ತಾಮ್ರದ ಪಾತ್ರೆಗಳು

ರಾಯದುರ್ಗ, ಮಡಕಶಿರಾ ಸೀಮೆಯ ಹಳೆಯ ದೇವಸ್ಥಾನಗಳಲ್ಲಿ ಉತ್ಸವಕ್ಕೆ ಮುಂಚೆ ಉಗ್ರಾಣದ ಬಾಗಿಲು ತೆಗೆದರೆ ಕಿಲುಬು ಹಿಡಿದ ಹಂಡೆ, ಕೊಪ್ಪರಿಗೆ, ತಪ್ಪಲೆಗಳು ಕಾಣಸಿಗುವುದುಂಟು. ಅನ್ನಸಂತರ್ಪಣೆಯ ಅಡಿಗೆ ಈಗ ಸ್ಟೀಲು, ಅಲ್ಯೂಮಿನಿಯಂ ಪಾತ್ರೆಗಳಲ್ಲಿ ನಡೆಯುವುದರಿಂದ, ಇವನ್ನು ತೂಕಕ್ಕೆ ಹಾಕಿ ಹೊಸದು ತರೋಣವೆಂಬ ಮಾತು ಸಭೆಗಳಲ್ಲಿ ಏಳುವುದು ಸಹಜ. ಹಾಗೆ ನಿರ್ಣಯಿಸುವ ಮುನ್ನ ಭಕ್ತಮಹಾಶಯರು ಪಾತ್ರೆಯ ಕಂಠವನ್ನೊಮ್ಮೆ ಒರೆಸಿ ನೋಡಬೇಕೆಂದು ನಮ್ಮ ಬಿನ್ನಹ.

ಹಳೆಯ ಕೈಕೆಲಸವನ್ನು ಗುರುತಿಸುವುದು ಕಷ್ಟವಲ್ಲ. ಮೈಮೇಲೆ ಸುತ್ತಿಗೆಯ ಪೆಟ್ಟಿನ ಗುರುತು, ಒಂದೆಡೆ ದಪ್ಪ ಒಂದೆಡೆ ತೆಳುವಾದ ತಗಡು, ತಳ ಮತ್ತು ಮೈ ಕೂಡುವಲ್ಲಿ ಹಲ್ಲುಹಲ್ಲಾದ ಬೆಸುಗೆ ಇರುತ್ತವೆ. ಬೆಸುಗೆಗೆ ಹಿತ್ತಾಳೆ ಬಳಸಿದ್ದರೆ ಆ ಗೆರೆ ಹಳದಿಯಾಗಿ ಕಾಣುತ್ತದೆ. ಯಂತ್ರದ ಪಾತ್ರೆಯ ತಗಡು ಎಲ್ಲೆಡೆ ಸಮ. ತಾಮ್ರದ ಬಣ್ಣ ಬಳಿದ ಕಬ್ಬಿಣವಾದರೆ ಅಯಸ್ಕಾಂತ ಅಂಟಿಕೊಳ್ಳುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದುದು ಕಂಠದ ಮೇಲೆ ಚುಕ್ಕೆಚುಕ್ಕೆಯಾಗಿ ಕೊರೆದ ಅಕ್ಷರ. ದಾನಿಯ ಹೆಸರು, ಊರು, ಸಂವತ್ಸರ, ತೂಕ ಅಲ್ಲಿರಬಹುದು. ಸಂವತ್ಸರವೊಂದನ್ನೇ ನಂಬುವಂತಿಲ್ಲ, ಅದು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ವಿಜಯ ಸಂವತ್ಸರವೆಂದಿದ್ದರೆ 1893 ಆಗಬಹುದು, 1953 ಆಗಬಹುದು, 2013 ಕೂಡ ಆಗಬಹುದು. ಆದರೆ ಜೊತೆಗೆ 'ಬಳ್ಳಾರಿ ಜಿಲ್ಲೆ ರಾಯದುರ್ಗ' ಎಂದಿದ್ದರೆ 2013ನ್ನು ಬಿಟ್ಟುಬಿಡಬಹುದು. ಏಕೆಂದರೆ 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ರಾಯದುರ್ಗ ತಾಲೂಕು ಆಂಧ್ರಕ್ಕೆ ಉಳಿದು ಅನಂತಪುರ ಜಿಲ್ಲೆಗೆ ಸೇರಿತು. ತೂಕ ಸೇರಿನಲ್ಲಿದ್ದರೆ ಅದೂ ಒಂದು ಸುಳಿವು. ಕಿಲೋ ತೂಕ 1958ರಿಂದ ಹಂತಹಂತವಾಗಿ ಜಾರಿಗೆ ಬಂದಿತು. (ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಮುಂದೆ ಪಾತ್ರೆ ಕೊಡುವವರು ಜಿಲ್ಲೆಯನ್ನೂ ಬರೆಸಿದರೆ ಒಳ್ಳೆಯದು!)

ಮಡಕಶಿರಾ ಸೀಮೆಯ ಹೇಮಾವತಿಯೇ ನೊಳಂಬರ ರಾಜಧಾನಿ ಹೆಂಜೇರು. ಆ ಅರಸರ ಕನ್ನಡ ಶಾಸನಗಳನ್ನು ವಿದ್ವಾಂಸರು ಓದಿ ಅಚ್ಚು ಹಾಕಿಸಿದ್ದಾರೆ. ಒಂದು ಹಂಡೆ ಕೊಟ್ಟ ಒಕ್ಕಲಿನವರ, ವಿಧವೆಯ, ಅಂಗಡಿಯವರ ಹೆಸರನ್ನು ಯಾರೂ ಕಲ್ಲಿನಲ್ಲಿ ಕೊರೆಸಲಿಲ್ಲ. ಅದು ಈ ಕಂಠದ ಮೇಲಷ್ಟೇ ಉಳಿದಿದೆ.

ಗುಜರಿಯವರು ಕಟ್ಟುವುದು ತಾಮ್ರದ ಬೆಲೆ ಮಾತ್ರ. ತಳ ಗಟ್ಟಿಯಾಗಿದ್ದು ತೂತಿಲ್ಲದಿದ್ದರೆ ಕಲಾಯಿ ಹಾಕಿಸಿ ಇಂದಿಗೂ ಅಡಿಗೆ ಮಾಡಬಹುದು. ಪಾತ್ರೆಯನ್ನು ಕಾಯಿಸಿ, ನವಸಾಗರ ಉಜ್ಜಿ, ತವರ ಸವರಿದರೆ ಒಳಮೈ ಬೆಳ್ಳಗಾಗುತ್ತದೆ. ಕಲಾಯಿಯಿಲ್ಲದ ತಾಮ್ರದಲ್ಲಿ ಹುಳಿ ಪದಾರ್ಥ ಕುದಿಸಲೇಬಾರದು, ತಾಮ್ರ ಅಡಿಗೆಗೆ ಇಳಿಯುತ್ತದೆ. ಹೊರಮೈಗೆ ಹುಣಸೆಹಣ್ಣು ಸಾಕು. ಯಂತ್ರದ ಪಾಲಿಶ್ ಬೇಡ. ಅಕ್ಷರಗಳನ್ನು ಮೊದಲು ದೇವಸ್ಥಾನದ ಪುಸ್ತಕದಲ್ಲಿ ಇದ್ದಂತೆಯೇ ಬರೆದಿಟ್ಟುಕೊಳ್ಳಬೇಕು.

ಒಂದೂರಿನ ಗುಡಿಯಲ್ಲಿ ಉತ್ಸವಕ್ಕೆಂದು ಪಾಲಿಶ್ ಮಾಡಿಸಿದ ದೊಡ್ಡ ಹಂಡೆಯನ್ನು ಈ ಲೇಖಕ ನೋಡಿದ್ದಾನೆ. ಕನ್ನಡಿಯಂತೆ ಹೊಳೆಯುತ್ತಿತ್ತು. 'ಸೇವಾರ್ಥ' ಎಂಬ ಮಾತು ಮಾತ್ರ ಮಸುಕಾಗಿ ಉಳಿದಿತ್ತು. ಯಾರ ಸೇವಾರ್ಥವೆಂದು ಅರ್ಚಕರಿಗೂ ತಿಳಿದಿರಲಿಲ್ಲ.