ತೆರೆಯದ ಬಾಗಿಲು

1923ರಲ್ಲಿ ಜಿನೀವಾ ನಗರಕ್ಕೆ ಒಬ್ಬ ಅಪರೂಪದ ರಾಯಭಾರಿ ಬಂದಿಳಿದನು. ಅವನ ಕೈಯಲ್ಲಿದ್ದ ರಹದಾರಿ ಪತ್ರವನ್ನು ಕೆನಡಾ ಆಗಲಿ ಬ್ರಿಟನ್ ಆಗಲಿ ಕೊಟ್ಟದ್ದಲ್ಲ. ಅವನ ಜನರ ಸಭೆಯೇ ಕೊಟ್ಟದ್ದು. ಹೆಸರು ಲೆವಿ ಜನರಲ್. ಕಯೂಗ ಬುಡಕಟ್ಟಿನ ನಾಯಕನಾಗಿ ಅವನು ಪಡೆದಿದ್ದ ಪದವಿಯ ಹೆಸರು ಡೆಸ್ಕಾಹೆ. ಆದಿವಾಸಿಗಳ ಹಕ್ಕು ಎಂಬ ಮಾತು ಇಂದು ನಮಗೆ ಪರಿಚಿತವಾಗಿದೆ. ರಾಷ್ಟ್ರಗಳ ಸಭೆಯ ಬಾಗಿಲಲ್ಲಿ ಆ ಮಾತನ್ನು ಮೊದಮೊದಲು ಎತ್ತಿದವರಲ್ಲಿ ಅವನೊಬ್ಬ.

ಉತ್ತರ ಅಮೆರಿಕದ ಆರು ಬುಡಕಟ್ಟುಗಳು ಸೇರಿ ಕಟ್ಟಿಕೊಂಡ ಪುರಾತನ ಒಕ್ಕೂಟಕ್ಕೆ ಡೆಸ್ಕಾಹೆ ಸೇರಿದವನು. ಅಲ್ಲಿ ನಾಯಕನನ್ನು ಆರಿಸುವವರು ಕುಲದ ಹಿರಿಯ ತಾಯಂದಿರು. ತಪ್ಪಿ ನಡೆದವನನ್ನು ಇಳಿಸುವವರೂ ಅವರೇ. ಒಪ್ಪಂದಗಳನ್ನು ಚಿಪ್ಪಿನ ಮಣಿಗಳ ಪಟ್ಟಿಗಳಲ್ಲಿ ನೇಯ್ದಿಡುವುದು ಅವರ ಪದ್ಧತಿ. ಅಂಥ ಒಂದು ಪಟ್ಟಿಯಲ್ಲಿ ಬಿಳಿಯ ನೆಲದ ಮೇಲೆ ಎರಡು ನೇರಳೆ ಸಾಲುಗಳಿವೆ. ಒಂದೇ ಹೊಳೆಯಲ್ಲಿ ಅವರ ದೋಣಿಯೂ ಬಿಳಿಯರ ಹಡಗೂ ಜೊತೆಜೊತೆಯಾಗಿ ಸಾಗಲಿ, ಒಬ್ಬರ ಚುಕ್ಕಾಣಿಗೆ ಇನ್ನೊಬ್ಬರು ಕೈಹಾಕದಿರಲಿ ಎಂಬುದು ಅದರ ಅರ್ಥ.

ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ ಬ್ರಿಟಿಷರ ಪಕ್ಷ ಹಿಡಿದು ನೆಲೆ ಕಳೆದುಕೊಂಡ ಈ ಜನರಿಗೆ 1784ರಲ್ಲಿ ಗ್ರ್ಯಾಂಡ್ ನದಿಯ ಎರಡೂ ದಂಡೆಗಳಲ್ಲಿ ಆರಾರು ಮೈಲಿ ಅಗಲದ ಭೂಮಿ ದೊರೆಯಿತು. ಇಂದು ಅದರಲ್ಲಿ ನೂರಕ್ಕೆ ಐದು ಪಾಲೂ ಅವರಲ್ಲಿ ಉಳಿದಿಲ್ಲ. ‘ನಾವು ಬ್ರಿಟಿಷ್ ದೊರೆಯ ಮಿತ್ರರೇ ಹೊರತು ಪ್ರಜೆಗಳಲ್ಲ’ ಎಂಬುದು ಅವರ ವಾದ. ಕೆನಡಾ ಸರ್ಕಾರ ಇದನ್ನು ಒಪ್ಪಲಿಲ್ಲ.

ಸಾಹಿತ್ಯಾಸಕ್ತರು ಗಮನಿಸಬೇಕಾದ ಸಂಗತಿಯೊಂದು ಇಲ್ಲಿದೆ. ಕೆನಡಾದ ಆದಿವಾಸಿ ಇಲಾಖೆಯ ಮುಖ್ಯಾಧಿಕಾರಿಯಾಗಿ 1913ರಿಂದ 1932ರವರೆಗೆ ಇದ್ದವನು ಡಂಕನ್ ಕ್ಯಾಂಪ್‌ಬೆಲ್ ಸ್ಕಾಟ್. ಆ ದೇಶದ ಗಣ್ಯ ಕವಿ. ಅಳಿದುಹೋಗುತ್ತಿರುವ ಜನಾಂಗವೆಂದು ಆದಿವಾಸಿಗಳ ಬಗ್ಗೆ ಮರುಗಿ ಅವನು ಕವಿತೆ ಬರೆದನು. 1920ರಲ್ಲಿ ಅವರ ಮಕ್ಕಳನ್ನು ಶಾಲೆಗೆ ಕಡ್ಡಾಯವಾಗಿ ಸೇರಿಸುವ ಕಾಯಿದೆಯ ಹಿಂದೆ ಇದ್ದವನೂ ಅವನೇ. ಮರುಕವೇ ಬೇರೆ, ಎದುರಿಗಿರುವವನ ಹಕ್ಕನ್ನು ಮನ್ನಿಸುವುದೇ ಬೇರೆ.

ರಾಷ್ಟ್ರಗಳ ಸಂಘದಲ್ಲಿ ಪರ್ಷಿಯ, ಎಸ್ತೋನಿಯ, ಐರ್ಲೆಂಡ್, ಪನಾಮ ದೇಶಗಳು ಡೆಸ್ಕಾಹೆಯ ಅಹವಾಲಿಗೆ ಬೆಂಬಲವಿತ್ತವು. ಬ್ರಿಟನ್ನಿನ ಒತ್ತಡಕ್ಕೆ ಮಣಿದು ಆ ಸಭೆ ಅವನ ಮಾತನ್ನು ಕೇಳಲೇ ಇಲ್ಲ. ಅವನು ಇನ್ನೂ ಪರದೇಶದಲ್ಲಿದ್ದಾಗಲೇ, 1924ರ ಅಕ್ಟೋಬರಿನಲ್ಲಿ, ಕೆನಡಾ ಸರ್ಕಾರ ಪಾರಂಪರಿಕ ಸಭೆಯನ್ನು ತೆಗೆದುಹಾಕಿ ಚುನಾಯಿತ ಸಮಿತಿಯನ್ನು ಸ್ಥಾಪಿಸಿತು. ಮಣಿಪಟ್ಟಿಗಳನ್ನು ಪೊಲೀಸರು ವಶಪಡಿಸಿಕೊಂಡರು. ಪ್ರಜಾಪ್ರಭುತ್ವದ ಹೆಸರಿನಲ್ಲಿ ಬಂದ ಆ ಚುನಾವಣೆಯಲ್ಲಿ, ನಾಯಕರನ್ನು ಆರಿಸುತ್ತಿದ್ದ ತಾಯಂದಿರಿಗೆ ಮತವೇ ಇರಲಿಲ್ಲ.

ಡೆಸ್ಕಾಹೆ ತನ್ನ ಊರಿಗೆ ಮರಳಲಾಗಲಿಲ್ಲ. 1925ರ ಮಾರ್ಚ್ 10ರಂದು ನ್ಯೂಯಾರ್ಕ್ ಪ್ರಾಂತದ ರಾಚೆಸ್ಟರಿನಲ್ಲಿ ಅವನು ಆಡಿದ ಕೊನೆಯ ಭಾಷಣ ಬಾನುಲಿಯಲ್ಲಿ ಪ್ರಸಾರವಾಯಿತು. ರಾಷ್ಟ್ರಗಳು ಕಿವಿಗೊಡದ ಮಾತನ್ನು ಅವನು ಮನೆಮನೆಯ ಜನರ ಮುಂದಿಟ್ಟನು, ಬೇಡಿದ್ದು ನ್ಯಾಯವನ್ನು. ಅದೇ ಜೂನ್ 27ರಂದು ತೀರಿಕೊಂಡನು. ಎರಡು ವರ್ಷಗಳ ಬಳಿಕ ಕೆನಡಾ, ಭೂಮಿಯ ಹಕ್ಕಿಗಾಗಿ ದಾವೆ ಹೂಡಲು ಆದಿವಾಸಿಗಳಿಗಾಗಿ ಅಪ್ಪಣೆಯಿಲ್ಲದೆ ಹಣ ಸಂಗ್ರಹಿಸುವುದನ್ನೇ ಅಪರಾಧವೆಂದು ಸಾರಿತು. ಆ ನಿಷೇಧ 1951ರವರೆಗೂ ಇತ್ತು.

1977ರಲ್ಲಿ ಅದೇ ಜಿನೀವಾಕ್ಕೆ ಅಮೆರಿಕ ಖಂಡಗಳ ಆದಿವಾಸಿ ಪ್ರತಿನಿಧಿಗಳು ಒಟ್ಟಾಗಿ ಬಂದರು. ಈ ಸಲ ವಿಶ್ವಸಂಸ್ಥೆಯ ಕಟ್ಟಡದೊಳಗೆ ಮಾತನಾಡಿದರು. 2007ರ ಸೆಪ್ಟೆಂಬರ್ 13ರಂದು ವಿಶ್ವಸಂಸ್ಥೆ ಆದಿವಾಸಿ ಜನರ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತು. ಭಾರತವೂ ಸೇರಿ 144 ದೇಶಗಳು ಪರವಾಗಿ ನಿಂತವು. ವಿರೋಧಿಸಿದವು ನಾಲ್ಕು, ಅವುಗಳಲ್ಲಿ ಕೆನಡಾ ಒಂದು. 2010ರಲ್ಲಿ ಅದೂ ಬೆಂಬಲವಿತ್ತಿತು, 2021ರಲ್ಲಿ ಘೋಷಣೆಯನ್ನು ಜಾರಿಗೊಳಿಸಲು ಕಾನೂನು ಮಾಡಿತು.

ಗ್ರ್ಯಾಂಡ್ ನದಿಯ ದಡದಲ್ಲಿ ಇಂದು ಚುನಾಯಿತ ಸಮಿತಿಯೂ ಇದೆ, 1924ರಲ್ಲಿ ರದ್ದಾಯಿತೆಂದು ಬರೆದಿಟ್ಟ ಪಾರಂಪರಿಕ ಸಭೆಯೂ ಇದೆ. ಆ ಸಭೆಗೆ ನಾಯಕರನ್ನು ತಾಯಂದಿರೇ ಆರಿಸುತ್ತಿದ್ದಾರೆ.