ಶಿಲುಬೆಯ ಮೇಲಿನ ಬರಹ: ಪಂಡಿತಾ ರಮಾಬಾಯಿಯವರ ನಂಬಿಕೆಯ ಎರಡು ದಾಖಲೆಗಳು

ಪಂಡಿತಾ ರಮಾಬಾಯಿಯವರ (1858–1922) ಧಾರ್ಮಿಕ ಬದುಕಿನ ಬಗ್ಗೆ ಬರೆಯುವವರು ಸಾಮಾನ್ಯವಾಗಿ 1907ರ ಅವರ ಆತ್ಮಸಾಕ್ಷ್ಯವನ್ನೇ ಆಧಾರವಾಗಿ ಹಿಡಿಯುತ್ತಾರೆ. ಅದರ ಪ್ರಕಾರ 1883ರ ದೀಕ್ಷಾಸ್ನಾನದಲ್ಲಿ ಅವರಿಗೆ ದೊರೆತದ್ದು ಕ್ರೈಸ್ತಧರ್ಮ. ಕ್ರಿಸ್ತ ದೊರೆತದ್ದು ಎಂಟು ವರ್ಷಗಳ ಮೇಲೆ, 1891ರಲ್ಲಿ. ಈ ಮಾತನ್ನು ಹಾಗೆಯೇ ಒಪ್ಪಿದರೆ ನಡುವಿನ ಕಾಲವೆಲ್ಲ ಬರಿಯ ಕೊರತೆಯ ಕಾಲವಾಗಿಬಿಡುತ್ತದೆ. ಅದೇ ಕಾಲದ ಅವರ ಪತ್ರಗಳನ್ನು ಓದಿದರೆ ಹಾಗೆನಿಸುವುದಿಲ್ಲ.

ರಮಾಬಾಯಿ ಹುಟ್ಟಿದ್ದು ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಕಾರ್ಕಳ ಸೀಮೆಯ ಮರಾಠಿ ಮಾತಿನ ಚಿತ್ಪಾವನ ಮನೆತನ. ಹೆಣ್ಣುಮಕ್ಕಳಿಗೂ ಸಂಸ್ಕೃತ ಕಲಿಸಬೇಕೆಂದು ಹಟ ಹಿಡಿದ ತಂದೆ ಅನಂತಶಾಸ್ತ್ರಿ ಡೋಂಗ್ರೆ. ಊರೂರು ಅಲೆಯುತ್ತ ಪುರಾಣ ಹೇಳಿ ಬದುಕುತ್ತಿದ್ದ ಈ ಕುಟುಂಬ 1870ರ ದಶಕದ ಬರಕ್ಕೆ ಸಿಕ್ಕಿತು. ಕೆಲವೇ ತಿಂಗಳಲ್ಲಿ ತಂದೆ, ತಾಯಿ, ಅಕ್ಕ ತೀರಿಕೊಂಡರು. 1880ರಲ್ಲಿ ಅಣ್ಣ, 1882ರಲ್ಲಿ ಗಂಡ ಬಿಪಿನ್ ಬಿಹಾರಿ. 1883ರಲ್ಲಿ ಎಳೆಮಗು ಮನೋರಮೆಯೊಂದಿಗೆ ಇಂಗ್ಲೆಂಡಿನ ವಾಂಟೇಜ್ ಕನ್ಯಾಮಠಕ್ಕೆ ಬಂದು, ಆ ಸೆಪ್ಟೆಂಬರಿನಲ್ಲಿ ದೀಕ್ಷೆ ಪಡೆದರು. ಆಗ ಅವರಿಗೆ 25 ವರ್ಷ. ಫುಲಮ್‌ನಲ್ಲಿ ಇದೇ ಮಠದ ಸೋದರಿಯರು, ಸಮಾಜ ಪತಿತೆಯರೆಂದು ದೂರ ಮಾಡಿದ್ದ ಹೆಂಗಸರನ್ನು ಆದರಿಸುತ್ತಿದ್ದುದನ್ನು ಕಂಡದ್ದೇ ತಮ್ಮ ಮನಸ್ಸನ್ನು ತಿರುಗಿಸಿತೆಂದು ಅವರು ಮುಂದೆ ಬರೆದರು.

ದೀಕ್ಷೆಯ ನಂತರದ ಪತ್ರಗಳಲ್ಲಿ ಹೆಚ್ಚಿನವು ಧರ್ಮಮಾತೆ ಸಿಸ್ಟರ್ ಜೆರಾಲ್ಡಿನ್ ಜೊತೆಗಿನ ವಾಗ್ವಾದ. ತ್ರಿಯೇಕತ್ವದಂಥ ತತ್ತ್ವಗಳನ್ನು ಸಭೆ ಹೇಳಿತೆಂದು ಒಪ್ಪಲು ರಮಾಬಾಯಿ ಸಿದ್ಧರಿರಲಿಲ್ಲ. ಬೈಬಲನ್ನು ತಾವೇ ಓದಿ ನಿರ್ಧರಿಸುವ ಹಕ್ಕು ತಮಗುಂಟೆಂದು ವಾದಿಸಿದರು. ಆದರೆ ಹೀಗೆ ಜಗಳವಾಡುತ್ತಲೇ ಆಕೆಯನ್ನು ಅವರು ಕರೆಯುತ್ತಿದ್ದುದು ‘ಅಜೀಬಾಯಿ’ ಎಂದು, ಅಂದರೆ ಅಜ್ಜಿ. ವಾದದ ಬಿಸಿಯನ್ನಷ್ಟೇ ಎತ್ತಿ ತೋರಿಸುವವರು ಈ ಸಂಬೋಧನೆಯನ್ನು ಮರೆಯುತ್ತಾರೆ.

ಶಿಲುಬೆಯ ಪ್ರಸಂಗ ಇನ್ನೂ ಸ್ಪಷ್ಟ. ಧರಿಸುವ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳಿರಬೇಕೆಂಬುದು ಮಠದ ರೂಢಿ. ರಮಾಬಾಯಿ ಸಂಸ್ಕೃತ ಇರಲಿ ಎಂದರು. ಲ್ಯಾಟಿನ್ ತಮಗೂ ತಿಳಿಯದು, ತಮ್ಮ ನಾಡಿನವರಿಗೂ ತಿಳಿಯದು. ಅದು ಸಂಸ್ಕೃತಕ್ಕಿಂತ ಪವಿತ್ರವೆನ್ನಲು ಕಾರಣವೇನು ಎಂಬುದು ಅವರ ಪ್ರಶ್ನೆ. ಕೇವಲ ಸ್ವದೇಶಾಭಿಮಾನವೆಂದು ಇದನ್ನು ಬದಿಗಿಡುವಂತಿಲ್ಲ. ತಿಳಿಯದ ಭಾಷೆಯಲ್ಲಿ ನಂಬಿಕೆಯನ್ನು ಹೊರಲಾರೆ ಎಂಬ ನಿಲುವು ಅದರಲ್ಲಿದೆ.

1891ರ ಅನುಭವದ ನಂತರ ಅವರ ದನಿ ಬದಲಾದದ್ದು ನಿಜ. ತರ್ಕದ ಜಾಗಕ್ಕೆ ಶರಣಾಗತಿ ಬಂತು. ಆದರೆ ಭಾರತಕ್ಕೆ ಮರಳಿ, ಕೇಡಗಾಂವದ ತಮ್ಮ ಆಶ್ರಮವಾದ ಮುಕ್ತಿ ಮಿಷನ್ನಿನಲ್ಲಿ ಅವರು ಕೊನೆಗಾಲದವರೆಗೆ ಮಾಡಿದ ಕೆಲಸವೇನು? ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಮರಾಠಿಗೆ ತಂದದ್ದು. ಆಗ ಬಳಕೆಯಲ್ಲಿದ್ದ ಅನುವಾದದ ಸಂಸ್ಕೃತಮಯ ಶೈಲಿ ಹಳ್ಳಿಯ ಹೆಂಗಸರಿಗೆ ಎಟುಕದೆಂದು ಸರಳ ಮಾತನ್ನು ಆರಿಸಿಕೊಂಡರು. ಅಚ್ಚುಮೊಳೆ ಜೋಡಿಸಿದವರೂ ಆಶ್ರಮದ ಹೆಣ್ಣುಮಕ್ಕಳೇ. 1921ರಲ್ಲಿ ಮಗಳು ಮನೋರಮೆ ತೀರಿಕೊಂಡರು. ಆ ದುಃಖದಲ್ಲೂ ಕೆಲಸ ಮುಗಿಸಿ, 1922ರ ಏಪ್ರಿಲ್ 5ರಂದು ರಮಾಬಾಯಿ ಕಣ್ಣುಮುಚ್ಚಿದರು.

ಶಿಲುಬೆಗೆ ಸಂಸ್ಕೃತ ಬೇಕೆಂದವರು ಬೈಬಲಿಗೆ ಸಂಸ್ಕೃತ ಬೇಡವೆಂದದ್ದು ಮೇಲುನೋಟಕ್ಕೆ ವಿರೋಧ. ಎರಡರ ಹಿಂದಿನ ಪ್ರಶ್ನೆ ಮಾತ್ರ ಒಂದೇ: ಇದು ಯಾರಿಗೆ ತಿಳಿಯಬೇಕು? ಆ ಪ್ರಶ್ನೆ 1891ರಲ್ಲಿ ಹುಟ್ಟಿದ್ದಲ್ಲ.

ಆಧಾರಗಳ ಬಗ್ಗೆ ಒಂದು ಎಚ್ಚರಿಕೆ. ಆತ್ಮಸಾಕ್ಷ್ಯ ಮಾಗಿದ ವಯಸ್ಸಿನ ಹಿನ್ನೋಟ. ಪತ್ರಗಳನ್ನು ಕಲೆಹಾಕಿದವರು ಸ್ವತಃ ಜೆರಾಲ್ಡಿನ್, 1977ರಲ್ಲಿ ಎ. ಬಿ. ಶಾ ಸಂಪಾದಿಸಿದ ಸಂಪುಟವೂ ಆ ಸಂಗ್ರಹವನ್ನೇ ಆಧರಿಸಿದೆ. ಅಂದರೆ ಎಳೆಯ ರಮಾಬಾಯಿಯ ದನಿ ನಮಗೆ ಕೇಳುವುದು ಆಕೆಯೊಡನೆ ಜಗಳವಾಡಿದ ‘ಅಜ್ಜಿ’ಯ ಪೆಟ್ಟಿಗೆಯಿಂದ.