ಗಡಿಯಾಚೆಗಿನ ಬಾಡಿಗೆ ವಾಹನ: ಚರಿತ್ರೆ

ಗಡಿ ದಾಟಿ ಹೋದವರು ಅಲ್ಲಿ ಬಾಡಿಗೆಗೆ ಹಿಡಿಯುವ, ಇಲ್ಲವೇ ಇಲ್ಲಿಂದಲೇ ಬಾಡಿಗೆ ಗೊತ್ತುಮಾಡಿಕೊಂಡು ಗಡಿ ದಾಟಿಸುವ ಮೋಟಾರು ವಾಹನ. ಇದರ ಚರಿತ್ರೆಯನ್ನು ಸಾಮಾನ್ಯವಾಗಿ ಕಂಪನಿಗಳ ಚರಿತ್ರೆಯಾಗಿ ಹೇಳುತ್ತಾರೆ. 1912ರಲ್ಲಿ ಮ್ಯೂನಿಕ್‌ನಲ್ಲಿ ಮಾರ್ಟಿನ್ ಸಿಕ್ಸ್ಟ್ ಮೂರು ಕಾರುಗಳಿಂದ ವ್ಯಾಪಾರ ಆರಂಭಿಸಿದ; 1918ರಲ್ಲಿ ಶಿಕಾಗೋದ ವಾಲ್ಟರ್ ಜೇಕಬ್ಸ್ ಒಂದು ಡಜನ್ ಫೋರ್ಡ್ ಕಾರುಗಳಿಂದ ಕಟ್ಟಿದ ಸಂಸ್ಥೆ 1923ರಲ್ಲಿ ಜಾನ್ ಹರ್ಟ್ಜ್ ಕೈಸೇರಿತು; 1946ರಲ್ಲಿ ವಾರನ್ ಏವಿಸ್ ವಿಮಾನ ನಿಲ್ದಾಣದಲ್ಲೇ ಅಂಗಡಿ ತೆರೆದ. ಈ ಕಥನದಲ್ಲಿ ಮುಖ್ಯವಾದದ್ದೇ ಬಿಟ್ಟುಹೋಗುತ್ತದೆ. ಹಣವಿದ್ದರೆ ಕಾರು ಎಲ್ಲಿಯೂ ಸಿಗುತ್ತದೆ. ಬೇರೆ ಸರ್ಕಾರದ ರಸ್ತೆಯಲ್ಲಿ ಅದನ್ನು ಓಡಿಸುವ ಹಕ್ಕನ್ನು ಮಾತ್ರ ಕಾಗದದ ಮೂಲಕವೇ ಪಡೆಯಬೇಕು. ಆದ್ದರಿಂದ ಬಾಡಿಗೆ ವಾಹನದ ಮಟ್ಟಿಗೆ ಯಾವ ಊರು ಪರಸ್ಥಳ ಎಂಬುದನ್ನು ಪರ್ಮಿಟ್ಟು ನಿರ್ಧರಿಸುತ್ತ ಬಂದಿದೆ, ದೂರವಾಗಲಿ ಭಾಷೆಯಾಗಲಿ ಅಲ್ಲ. ಇದಕ್ಕೆ ಸಾಕ್ಷಿ ಹುಡುಕಲು ಸಮುದ್ರ ದಾಟಬೇಕಿಲ್ಲ. ತಮಿಳುನಾಡಿನ ಈರೋಡು ಜಿಲ್ಲೆಯ ತಾಳವಾಡಿ ಬೆಟ್ಟಸೀಮೆಯಲ್ಲಿ, ಪಣಕಹಳ್ಳಿಯಂಥ ಕನ್ನಡದ ಹಳ್ಳಿಗಳಲ್ಲಿ ಅದು ದಿನನಿತ್ಯ ಕಾಣುತ್ತದೆ.

ಈ ಸೀಮೆ ಮೈಸೂರು ಪ್ರಸ್ಥಭೂಮಿಯ ಮುಂದುವರಿಕೆ. ಮಣ್ಣು, ಮಾತು, ನೆಂಟಸ್ತಿಕೆ, ಸಂತೆ ಎಲ್ಲವೂ ಚಾಮರಾಜನಗರದ ಕಡೆಗೆ ಎಳೆಯುತ್ತವೆ. 1790ರಲ್ಲಿ ಟಿಪ್ಪುವಿನ ಸೈನ್ಯ ಕೊಯಮತ್ತೂರಿನ ಬಯಲಿಗಿಳಿದದ್ದು ಈ ಬೆಟ್ಟಗಳ ಗಜ್ಜಲಹಟ್ಟಿ ಕಣಿವೆಯಿಂದ. ಮುಂದೆ ಬ್ರಿಟಿಷರ ಕಾಲದಲ್ಲಿ ಸೀಮೆ ಕೊಯಮತ್ತೂರು ಜಿಲ್ಲೆಗೆ ಸೇರಿ, ಪಕ್ಕದ ಮೈಸೂರು ಸಂಸ್ಥಾನ ಬೇರೆ ರಾಜ್ಯವೇ ಆಗಿತ್ತು. 1956ರ ನವೆಂಬರ್ 1ರಂದು ಅದೇ ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಬಂದರೂ ತಾಳವಾಡಿ ಮದರಾಸಿನಲ್ಲೇ ಉಳಿಯಿತು. ಅದು ಈರೋಡಿಗೆ ಸೇರಿದ್ದು 1979ರಲ್ಲಿ. ಚಾಮರಾಜನಗರಕ್ಕೆ ಗಂಟೆಯೊಳಗೆ ತಲುಪಬಹುದು. ಜಿಲ್ಲಾಕೇಂದ್ರ ಈರೋಡಿಗಾದರೋ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ನಂಜನಗೂಡಿನಿಂದ ಮುಂದುವರಿದ ರೈಲುಹಳಿ 1926ರಲ್ಲಿ ಚಾಮರಾಜನಗರ ಮುಟ್ಟಿ ಅಲ್ಲೇ ನಿಂತಿತು, ಸತ್ಯಮಂಗಲದ ಕಾಡನ್ನು ದಾಟಲಿಲ್ಲ. ಬಸ್ಸಿಲ್ಲದ ಹೊತ್ತಿನಲ್ಲಿ ಆಸ್ಪತ್ರೆಗೋ ಮದುವೆಗೋ ಹೊರಟವರಿಗೆ ಬಾಡಿಗೆ ಗಾಡಿಯೇ ಗತಿ. ಅದರ ಮುಂದೆ ಟಿಎನ್ 36 ಎಂದಿದೆಯೋ ಕೆಎ 10 ಎಂದಿದೆಯೋ ಎಂಬುದರ ಮೇಲೆ ಪ್ರಯಾಣದ ಖರ್ಚೇ ಬದಲಾಗುತ್ತದೆ.

ಇಂಥ ಗಾಡಿಯ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಒಂದು ಪ್ಲಾಸ್ಟಿಕ್ ಫೈಲು ಇರುತ್ತದೆ: ಆರ್‌ಸಿ, ಎಫ್‌ಸಿ, ಇನ್ಶೂರೆನ್ಸು, ಎಮಿಷನ್ ಚೀಟಿ, ಪರ್ಮಿಟ್ಟು, ತೆರಿಗೆ ಕಟ್ಟಿದ ರಸೀತಿ. ಮೊದಲ ನಾಲ್ಕು ದೇಶದ ಉದ್ದಗಲಕ್ಕೂ ನಡೆಯುತ್ತವೆ, ಚಾಲಕನ ಲೈಸೆನ್ಸೂ ಅಷ್ಟೆ. ಕೊನೆಯ ಎರಡು ಮಾತ್ರ ಗಡಿಯಲ್ಲಿ ಬಲ ಕಳೆದುಕೊಳ್ಳುತ್ತವೆ. ಒಂದು ರಾಜ್ಯದ ಪರ್ಮಿಟ್ಟಿಗೆ ಇನ್ನೊಂದು ರಾಜ್ಯದ ಮೇಲುರುಜು ಬೇಕೆಂಬ ನಿಯಮ 1939ರ ಮೋಟಾರು ವಾಹನ ಕಾಯ್ದೆಯಲ್ಲಿತ್ತು, 1988ರ ಕಾಯ್ದೆಯ 88ನೇ ಕಲಮಿನಲ್ಲಿ ಉಳಿಯಿತು. ಒಂದೇ ಟ್ರಿಪ್ಪಿಗೆ ಹೊರಟವರು ಸ್ಪೆಷಲ್ ಪರ್ಮಿಟ್ಟು ಮಾಡಿಸಿ, ಆಚೆಯ ರಾಜ್ಯದ ತೆರಿಗೆ ಕಟ್ಟಿ ದಾಟಬೇಕು. ಬಿಳಿ ಬೋರ್ಡಿನ ಸ್ವಂತ ಕಾರು ಅದೇ ರಸ್ತೆಯಲ್ಲಿ ತಡೆಯಿಲ್ಲದೆ ಹೋಗುತ್ತದೆ, ಹಳದಿ ಬೋರ್ಡಿನದು ನಿಲ್ಲುತ್ತದೆ. ಸ್ವಂತ ಕಾರಿಲ್ಲದವನ ಮೇಲೆಯೇ ಗಡಿಯ ಭಾರ ಬೀಳುವುದು ನನಗೆ ಈ ಚರಿತ್ರೆಯ ಅತಿ ದೊಡ್ಡ ಅನ್ಯಾಯವಾಗಿ ಕಾಣುತ್ತದೆ.

ಇದನ್ನು ಹೊರದೇಶಗಳ ವ್ಯವಸ್ಥೆಯೊಂದಿಗೆ ಹೋಲಿಸಬೇಕು. 1909ರ ಮತ್ತು 1926ರ ಪ್ಯಾರಿಸ್ ಒಪ್ಪಂದಗಳು, ಬಳಿಕ 1949ರ ಜಿನೀವಾ ಒಪ್ಪಂದ, ಪರದೇಶದ ಚಾಲಕನನ್ನು ಒಪ್ಪಿಕೊಳ್ಳುವ ಕ್ರಮವನ್ನು ರೂಪಿಸಿದವು. ಜಿನೀವಾ ಒಪ್ಪಂದಕ್ಕೆ ಭಾರತ 1962ರಲ್ಲಿ ಸೇರಿತು. ಒಂದು ವರ್ಷ ನಡೆಯುವ ಅಂತಾರಾಷ್ಟ್ರೀಯ ಚಾಲನಾ ಪರವಾನಗಿಯನ್ನು ನಮ್ಮ ಆರ್‌ಟಿಓ ಕಚೇರಿಗಳೇ ಕೊಡುತ್ತವೆ. ಅದನ್ನು ಹಿಡಿದು ಹೋದ ಕನ್ನಡಿಗ ಒಪ್ಪಂದದ ಅನೇಕ ದೇಶಗಳಲ್ಲಿ ಕಾರು ಬಾಡಿಗೆಗೆ ಪಡೆದು ತಾನೇ ಓಡಿಸಬಲ್ಲ. ಹೋಲಿಕೆ ಸರಿಯಲ್ಲ ಎಂದು ಆಕ್ಷೇಪಿಸಬಹುದು: ಅಲ್ಲಿ ಗಡಿ ದಾಟುವುದು ಮನುಷ್ಯನ ಕಾಗದ, ಇಲ್ಲಿ ಗಾಡಿಯದು. ಆಕ್ಷೇಪ ನಿಜ, ಅದರಿಂದಲೇ ವಾದ ಗಟ್ಟಿಯಾಗುತ್ತದೆ. ಅಲ್ಲಿ ಪ್ರವಾಸಿ ಇಳಿದ ಊರಿನಲ್ಲೇ ಅಲ್ಲಿಯ ನಂಬರಿನ ಕಾರು ಸಿಗುವುದರಿಂದ ಗಾಡಿ ಗಡಿ ದಾಟಬೇಕಾದ ಪ್ರಮೇಯವೇ ಕಡಿಮೆ. ಪಣಕಹಳ್ಳಿಯವರು ಗಡಿಯ ಬಳಿ ಒಂದು ಗಾಡಿ ಬಿಟ್ಟು ಇನ್ನೊಂದು ಹತ್ತುವಂತಿಲ್ಲ. ಚಾಲಕನಿಲ್ಲದೆ ಕಾರು ಬಾಡಿಗೆ ಕೊಡಲು ನಮ್ಮಲ್ಲಿ ಬಂದ 1989ರ ರೆಂಟ್-ಎ-ಕ್ಯಾಬ್ ಯೋಜನೆ ಕನಿಷ್ಠ 50 ಕಾರುಗಳಿರಬೇಕು, ಅವಕ್ಕೆ ಅಖಿಲ ಭಾರತ ಪ್ರವಾಸಿ ಪರ್ಮಿಟ್ಟು ಇರಬೇಕು ಎಂದಿತು. ಕಪ್ಪು ಫಲಕದ ಮೇಲೆ ಹಳದಿ ಅಕ್ಷರದ ಆ ಕಾರುಗಳು ಬೆಂಗಳೂರಿನಂಥ ನಗರದಲ್ಲಿ ಬೆಳೆದವು. ಒಂದೇ ಗಾಡಿ ಇಟ್ಟುಕೊಂಡು ಬದುಕುವ ತಾಳವಾಡಿಯ ಮಾಲೀಕನಿಗೆ ಆ ಬಾಗಿಲು ಮುಚ್ಚಿಯೇ ಇತ್ತು.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ರಸ್ತೆ ಹಾಕಿದ ರಾಜ್ಯ ಅದನ್ನು ಬಳಸಿ ದುಡಿಯುವವನಿಂದ ತೆರಿಗೆ ಕೇಳುವುದು ತಪ್ಪೇ? ವಾಹನ ತೆರಿಗೆ ಸಂವಿಧಾನದಲ್ಲೇ ರಾಜ್ಯಪಟ್ಟಿಯ ವಿಷಯ. ರಾಜಸ್ಥಾನದ ಆಟೋಮೊಬೈಲ್ ಟ್ರಾನ್ಸ್‌ಪೋರ್ಟ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ರಸ್ತೆಯ ಸೌಕರ್ಯಕ್ಕೆ ಪ್ರತಿಯಾಗಿ ಪಡೆಯುವ ತೆರಿಗೆ ಮುಕ್ತ ಸಂಚಾರಕ್ಕೆ ಅಡ್ಡಿಯಲ್ಲ ಎಂದಿತು; ಅದೇ ಕೋರ್ಟಿನ 2016ರ ಜಿಂದಾಲ್ ತೀರ್ಪು ಆ ತರ್ಕವನ್ನು ಕೈಬಿಟ್ಟು, ತಾರತಮ್ಯ ಮಾಡದ ತೆರಿಗೆ ಸಿಂಧು ಎಂದಿತು. ಹಕ್ಕು ರಾಜ್ಯಕ್ಕೆ ಇದೆ, ಅದರಲ್ಲಿ ಅನುಮಾನವಿಲ್ಲ. ನನ್ನ ತಕರಾರು ಅಳತೆಯ ಬಗ್ಗೆ. ಒಂದು ಗಂಟೆಯ ದಾರಿಗೂ ದಿನ, ವಾರಗಳ ಲೆಕ್ಕದಲ್ಲಿ ತೆರಿಗೆ ಹಾಕಿದರೆ ರಸ್ತೆಯ ಸವೆತಕ್ಕೂ ಹಣಕ್ಕೂ ತಾಳೆಯಾಗುವುದಿಲ್ಲ. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ಅಖಿಲ ಭಾರತ ಪ್ರವಾಸಿ ವಾಹನ ನಿಯಮಗಳು ಆನ್‌ಲೈನಿನಲ್ಲಿ ಒಂದೇ ಪರ್ಮಿಟ್ಟು ಕೊಡುವ ದಾರಿ ತೆರೆದವು, 2023ರಲ್ಲಿ ಅವನ್ನು ಪರಿಷ್ಕರಿಸಲಾಯಿತು. ದೂರದೂರಕ್ಕೆ ಓಡುವ ಟ್ಯಾಕ್ಸಿಗೆ ಇದು ನಿಜವಾದ ಬಿಡುಗಡೆ. ಆದರೆ ತಿಂಗಳಿಗೆ ನಾಲ್ಕೈದು ಸಲ ಪಕ್ಕದ ಪೇಟೆಗೆ ಹೋಗಿಬರುವ ಗಾಡಿ ಇಡೀ ಭಾರತದ ಶುಲ್ಕ ಕಟ್ಟುವುದು ಹೊರೆಯೇ ಸರಿ. ಗಡಿಯಿಂದ ಇಂತಿಷ್ಟು ಕಿಲೋಮೀಟರಿನೊಳಗೆ ಓಡಾಡುವ ಬಾಡಿಗೆ ಗಾಡಿಗಳಿಗೆ ಎರಡು ರಾಜ್ಯಗಳು ಸೇರಿ ಒಂದು ಅಗ್ಗದ ಪರ್ಮಿಟ್ಟು ಕೊಡುವುದು ಕಷ್ಟವಲ್ಲ. ಪರಸ್ಪರ ಒಪ್ಪಂದಕ್ಕೆ ಕಾಯ್ದೆಯಲ್ಲೇ ಅವಕಾಶವಿದೆ.

ಈ ಕಾಗದಗಳಿಗಿಂತ ಮಿಗಿಲಾದದ್ದು ಇದೆ ಎಂಬುದನ್ನು ಕಾಯ್ದೆಯೇ ಒಂದು ಕಡೆ ಒಪ್ಪಿಕೊಂಡಿದೆ. ಪರ್ಮಿಟ್ಟಿಲ್ಲದೆ ಓಡಿಸಿದರೆ 10,000 ರೂಪಾಯಿ ದಂಡವನ್ನೂ ಸೆರೆವಾಸವನ್ನೂ ಹೇಳುವ 192ಎ ಕಲಮು, ಕಾಯಿಲೆ ಬಿದ್ದವರನ್ನೋ ಗಾಯಗೊಂಡವರನ್ನೋ ತುರ್ತಿನಲ್ಲಿ ಸಾಗಿಸಿದ ವಾಹನಕ್ಕೆ ವಿನಾಯಿತಿ ಕೊಡುತ್ತದೆ. ಏಳು ದಿನದೊಳಗೆ ಪ್ರಾಧಿಕಾರಕ್ಕೆ ತಿಳಿಸಿದರಾಯಿತು. ಬೆಟ್ಟದ ಮೇಲಿನವರಿಗೆ ಈ ಸಾಲು ಗೊತ್ತಿರಬೇಕು, ಚೆಕ್‌ಪೋಸ್ಟಿನವರಿಗೂ ಗೊತ್ತಿರಬೇಕು. ರಾತ್ರಿ ಹೊತ್ತು ಅದರ ಅಗತ್ಯ ಇನ್ನೂ ಹೆಚ್ಚು. ಸತ್ಯಮಂಗಲ ಕಾಡು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2022ರ ಫೆಬ್ರುವರಿಯಿಂದ ಮದ್ರಾಸ್ ಹೈಕೋರ್ಟಿನ ಆದೇಶದಂತೆ ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಿಗಿಯಾಯಿತು. ಕಾಡುಪ್ರಾಣಿಗಳ ಜೀವಕ್ಕೆ ಅದು ಬೇಕಾದದ್ದೇ. ಅಲ್ಲಿಂದೀಚೆಗೆ ಕತ್ತಲಾದ ಮೇಲೆ ತಾಳವಾಡಿಯಿಂದ ಹೊರಡುವ ಗಾಡಿ ಸಾಮಾನ್ಯವಾಗಿ ಮುಖ ಮಾಡುವುದು ಚಾಮರಾಜನಗರದ ಕಡೆಗೆ.